ಮೊಬೈಲ್ ಕೋರ್ ಕ್ಲೌಡ್‌ಗೆ ಹೋದಾಗ ಹೊಣೆ ಯಾರ ಪಾಲಿಗೆ ಬಂತು

ನಮ್ಮ ಪ್ಯಾಕೆಟ್ ಕೋರ್‌ನ ಉಪಕರಣಗಳಿಗೆ ಇನ್ನು ಬಿಡಿಭಾಗ ಸಿಗುವುದಿಲ್ಲ ಎಂದು ತಯಾರಕರಿಂದ ಪತ್ರ ಬಂದಾಗ ಯಾರೂ ಗಾಬರಿಯಾಗಲಿಲ್ಲ. ಮೊಬೈಲ್ ಆಪರೇಟರ್‌ಗಳಿಗೆ ಇಂಥ ಪತ್ರ ಹೊಸದೇನಲ್ಲ. ಉಪಕರಣಕ್ಕೆ ವಯಸ್ಸಾಗುತ್ತದೆ, ಅದೇ ಕಂಪನಿಯ ಹೊಸ ಮಾದರಿ ಬಂದು ಅದೇ ಜಾಗದಲ್ಲಿ ಕೂರುತ್ತದೆ. ಈ ಸಲ ಮಾತ್ರ ಕೂರಿಸಲು ಹೊಸ ಮಾದರಿಯೇ ಇರಲಿಲ್ಲ. ಪತ್ರದಲ್ಲಿದ್ದದ್ದು ಒಂದು ಸಾಫ್ಟ್‌ವೇರ್‌ನ ಹೆಸರು. ಸರ್ವರ್ ನಿಮಗೆ ಬೇಕಾದವರ ಹತ್ತಿರ ಕೊಳ್ಳಿ, ಅದರ ಮೇಲೆ ಇದನ್ನು ಓಡಿಸಿ ಎಂಬುದು ಒಟ್ಟು ಅರ್ಥ.

ಆ ಕೆಲಸ ಮಾಡಿದ ತಂಡದಲ್ಲಿ ನಾನಿದ್ದೆ. ಟೆಂಡರ್ ಬರೆಯುವುದರಿಂದ ಹಿಡಿದು ಹಳೆಯ ರ್ಯಾಕ್ ಬಿಚ್ಚುವವರೆಗೆ ನೋಡಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ಯಾಕೆಟ್ ಕೋರ್ ಅಂದರೆ ಟವರ್‌ಗಳ ಹಿಂದೆ ಇರುವ ಭಾಗ. 4ಜಿಯಲ್ಲಿ ಫೋನ್ ಆನ್ ಮಾಡಿದ ಕೂಡಲೇ ಎಂಎಂಇ ಎಂಬ ಘಟಕ ಈ ಸಿಮ್ ಯಾರದ್ದು ಎಂದು ಎಚ್‌ಎಸ್‌ಎಸ್ ಎಂಬ ಗ್ರಾಹಕರ ದಾಖಲೆಯಲ್ಲಿ ನೋಡುತ್ತದೆ. ಎಲ್ಲ ಸರಿಯಿದ್ದರೆ ಗೇಟ್‌ವೇ ಒಂದು ಐಪಿ ವಿಳಾಸ ಕೊಡುತ್ತದೆ. ಅಲ್ಲಿಂದ ಮುಂದೆ ನಿಮ್ಮ ವಿಡಿಯೋ, ಮೆಸೇಜ್ ಎಲ್ಲವೂ ಪ್ಯಾಕೆಟ್ ಎಂಬ ಚಿಕ್ಕ ಚೂರುಗಳಾಗಿ ಆ ಗೇಟ್‌ವೇ ಮೂಲಕವೇ ಹೋಗಿಬರುತ್ತವೆ. ಟವರ್ ಒಂದು ಹಾಳಾದರೆ ಒಂದು ಏರಿಯಾಕ್ಕೆ ತೊಂದರೆ. ಕೋರ್ ಹಾಳಾದರೆ ಲಕ್ಷಗಟ್ಟಲೆ ಜನರ ಫೋನ್ ಒಟ್ಟಿಗೇ ನಿಲ್ಲುತ್ತದೆ.

ಹಳೆಯ ಉಪಕರಣ ಹೇಗಿತ್ತು ಅಂದರೆ, ಎದೆಯೆತ್ತರದ ಒಂದು ಚಾಸಿ. -48 ವೋಲ್ಟ್ ಡಿಸಿ ಕರೆಂಟ್, ಹಿಂದೆ ಬ್ಯಾಟರಿ ಬ್ಯಾಂಕ್. ಒಳಗೆ ಸಾಲಾಗಿ ಕಾರ್ಡ್‌ಗಳು. ಎರಡು ಕಂಟ್ರೋಲ್ ಕಾರ್ಡ್, ಒಂದು ಕೆಲಸ ಮಾಡುವಾಗ ಇನ್ನೊಂದು ಕಾಯುತ್ತಿರುತ್ತದೆ. ಉಳಿದವು ಪ್ಯಾಕೆಟ್ ಸಾಗಿಸುವ ಕಾರ್ಡ್‌ಗಳು. ಅವುಗಳಲ್ಲಿ ಆ ಕೆಲಸಕ್ಕೆಂದೇ ಮಾಡಿದ ಚಿಪ್. ಚಿಪ್, ಕಾರ್ಡ್, ಆಪರೇಟಿಂಗ್ ಸಿಸ್ಟಮ್, ಸಾಫ್ಟ್‌ವೇರ್, ಕೊನೆಗೆ ಫ್ಯಾನ್ ಕೂಡ ಒಂದೇ ಕಂಪನಿಯದು. ಏನಾದರೂ ಕೆಟ್ಟರೆ ಒಂದು ಕೆಂಪು ದೀಪ ಹತ್ತುತ್ತಿತ್ತು. ಒಂದೇ ನಂಬರ್‌ಗೆ ಫೋನ್ ಮಾಡಿದರೆ ಸಾಕು. ಬೆಲೆ ದುಬಾರಿ ನಿಜ. ಆ ಬೆಲೆಯೊಳಗೆ ಆ ಫೋನ್ ನಂಬರ್ ಕೂಡ ಸೇರಿತ್ತು ಅನ್ನುವುದು ನಮಗೆ ಆಗ ಅಷ್ಟು ಅರ್ಥವಾಗಿರಲಿಲ್ಲ. ಯಾಕೆಂದರೆ ಅದಿಲ್ಲದೆ ಬದುಕಿದ ಅನುಭವ ಯಾರಿಗೂ ಇರಲಿಲ್ಲ.

ಇದನ್ನು ಒಡೆಯಬೇಕು ಅಂದವರು ಆಪರೇಟರ್‌ಗಳೇ. 2012ರ ಅಕ್ಟೋಬರ್‌ನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ನಡೆದ ಸಮಾವೇಶದಲ್ಲಿ ಎಟಿ ಅಂಡ್ ಟಿ, ಬಿಟಿ, ಡಾಯ್ಚ ಟೆಲಿಕಾಮ್, ಟೆಲಿಫೋನಿಕಾ, ಚೀನಾ ಮೊಬೈಲ್ ಮುಂತಾದವರು ಸೇರಿ ಒಂದು ಪ್ರಬಂಧ ಹೊರಡಿಸಿದರು. ಎನ್‌ಎಫ್‌ವಿ, ಅಂದರೆ ನೆಟ್‌ವರ್ಕ್ ಫಂಕ್ಷನ್ಸ್ ವರ್ಚುವಲೈಸೇಶನ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಆಗ. ಒಂದೊಂದು ಕೆಲಸಕ್ಕೆ ಒಂದೊಂದು ಬಾಕ್ಸ್ ಯಾಕೆ? ಡೇಟಾ ಸೆಂಟರ್‌ಗಳಲ್ಲಿ ಎಲ್ಲೆಡೆ ಇರುವ ಸಾಮಾನ್ಯ ಸರ್ವರ್ ಮೇಲೆ ಅದನ್ನೆಲ್ಲ ಸಾಫ್ಟ್‌ವೇರ್ ಆಗಿ ಓಡಿಸೋಣ ಎಂಬುದು ವಾದ. ಆಮೇಲೆ ಯುರೋಪಿನಲ್ಲಿ ಟೆಲಿಕಾಂ ಮಾನದಂಡ ಬರೆಯುವ ಎಟ್ಸಿ ಸಂಸ್ಥೆಯಲ್ಲಿ ಇದಕ್ಕೆಂದೇ ಗುಂಪು ಕಟ್ಟಿದರು, ಯಾವ ಪದರ ಏನು ಮಾಡಬೇಕು ಎಂದು ಬರೆದರು. ಕೆಳಗೆ ಸರ್ವರ್. ಅದರ ಮೇಲೆ ಸರ್ವರ್‌ಗಳನ್ನೆಲ್ಲ ಒಟ್ಟಾಗಿ ನಿಭಾಯಿಸುವ ಓಪನ್‌ಸ್ಟಾಕ್‌ನಂಥ ಕ್ಲೌಡ್ ಪದರ. ಅದರ ಮೇಲೆ ಎಂಎಂಇ, ಗೇಟ್‌ವೇ ಮುಂತಾದ ಸಾಫ್ಟ್‌ವೇರ್. ಪಕ್ಕದಲ್ಲಿ ಇವನ್ನೆಲ್ಲ ಹುಟ್ಟಿಸುವ, ಬೆಳೆಸುವ, ತೆಗೆಯುವ ಮ್ಯಾನೇಜರ್ ಎಂಬ ಸಾಫ್ಟ್‌ವೇರ್. ಕಾಗದದ ಮೇಲೆ ತುಂಬಾ ಚೆನ್ನಾಗಿ ಕಾಣುತ್ತದೆ. ಒಂದೊಂದು ಪದರವನ್ನೂ ಒಬ್ಬೊಬ್ಬರ ಹತ್ತಿರ ಕೊಳ್ಳಬಹುದು, ಅಲ್ವಾ?

ನಾವು ಹಾಗೆಯೇ ಕೊಂಡೆವು.

ಕೊಟೇಶನ್‌ಗಳು ಬಂದಾಗಲೇ ಉದ್ಯಮ ಎಷ್ಟು ಬದಲಾಗಿದೆ ಎಂದು ಗೊತ್ತಾಯಿತು. ಹಳೆಯ ಕೊಟೇಶನ್ ಪುಟಗಟ್ಟಲೆ ಸಾಮಾನಿನ ಪಟ್ಟಿ ಆಗಿರುತ್ತಿತ್ತು: ಚಾಸಿ, ಕಾರ್ಡ್, ಫ್ಯಾನ್ ಟ್ರೇ, ಕೇಬಲ್, ಸ್ಪೇರ್. ಕೊನೆಯಲ್ಲಿ ಸಾಫ್ಟ್‌ವೇರ್ ಒಂದೆರಡು ಸಾಲು. ಹೊಸದರಲ್ಲಿ ಅದು ತಲೆಕೆಳಗಾಗಿತ್ತು. ಕಬ್ಬಿಣದ ಸಾಮಾನು ಒಂದೆರಡು ಸಾಲಿಗೆ ಇಳಿದಿತ್ತು. ಉಳಿದದ್ದೆಲ್ಲ ಲೈಸೆನ್ಸ್. ಒಟ್ಟಿಗೆ ಎಷ್ಟು ಗ್ರಾಹಕರು ಸೇರಬಹುದು ಎಂಬುದಕ್ಕೆ ಒಂದು, ಸೆಕೆಂಡಿಗೆ ಎಷ್ಟು ಗಿಗಾಬಿಟ್ ಹರಿಯಬಹುದು ಎಂಬುದಕ್ಕೆ ಇನ್ನೊಂದು, ಪ್ರತಿ ವಿಶೇಷ ಸೌಲಭ್ಯಕ್ಕೆ ಮತ್ತೊಂದು. ಅದರ ಮೇಲೆ ವರ್ಷ ವರ್ಷದ ಸಪೋರ್ಟ್. ಮೊದಲು ಬಾಕ್ಸ್ ಒಂದು ಸಲ ಕೊಂಡರೆ ನಮ್ಮದು. ಈಗ ಕೊಳ್ಳುವುದು ಮುಗಿಯುವುದೇ ಇಲ್ಲ. ತಯಾರಕರನ್ನು ಇದಕ್ಕೆ ಬೈಯಲು ನನಗೆ ಮನಸ್ಸಿಲ್ಲ. ಕಾರ್ಡ್ ಮಾರಿ ಬರುತ್ತಿದ್ದ ಲಾಭ ನಿಂತರೆ, ಸಾಫ್ಟ್‌ವೇರ್ ಬರೆಯುವ ಸಾವಿರಾರು ಜನರ ಸಂಬಳ ಎಲ್ಲಿಂದಾದರೂ ಬರಬೇಕಲ್ಲ.

ಟೆಂಡರ್‌ನಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಬೆಲೆ ಅಲ್ಲ, ಒಂದು ಕೋಷ್ಟಕ. ಎಡಗಡೆ ಬರಬಹುದಾದ ತೊಂದರೆಗಳು, ಮೇಲುಗಡೆ ಕಂಪನಿಗಳು: ಸರ್ವರ್‌ನವರು, ಸ್ವಿಚ್‌ನವರು, ಕ್ಲೌಡ್ ಪದರದವರು, ಸಾಫ್ಟ್‌ವೇರ್‌ನವರು, ನಾವು. ಯಾವ ತೊಂದರೆ ಬಂದರೆ ಮೊದಲು ಯಾರು ಎದ್ದು ನೋಡಬೇಕು ಎಂದು ಒಂದೊಂದು ಚೌಕದಲ್ಲೂ ಬರೆಯಬೇಕು. ಸರ್ವರ್ ಸತ್ತರೆ ಸರ್ವರ್‌ನವರು, ಅದು ಸುಲಭ. "ಪ್ಯಾಕೆಟ್ ಕಳೆದುಹೋಗುತ್ತಿದೆ, ಆದರೆ ಯಾವ ಅಲಾರಂ ಕೂಡ ಇಲ್ಲ" ಎಂಬ ಸಾಲಿಗೆ ಬಂದಾಗ ಕೋಣೆಯಲ್ಲಿದ್ದ ಯಾರೂ ಪೆನ್ ಎತ್ತಲಿಲ್ಲ. ಕೊನೆಗೆ ಆ ಚೌಕದಲ್ಲಿ ನಮ್ಮ ಹೆಸರು ಬಿತ್ತು.

ಲ್ಯಾಬ್‌ನಲ್ಲಿ ಮೊದಲು ಬಂದದ್ದೇ ಆ ತೊಂದರೆ.

ಅದನ್ನು ಹೇಳುವ ಮೊದಲು ಒಂದು ಲೆಕ್ಕ ನೋಡಿ. 10 ಗಿಗಾಬಿಟ್‌ನ ಒಂದು ಈಥರ್ನೆಟ್ ಲಿಂಕ್. ಅದರಲ್ಲಿ ಅತಿ ಚಿಕ್ಕದಾದ 64 ಬೈಟ್‌ನ ಪ್ಯಾಕೆಟ್‌ಗಳೇ ತುಂಬಿ ಬಂದರೆ ಸೆಕೆಂಡಿಗೆ 1 ಕೋಟಿ 48 ಲಕ್ಷ ಪ್ಯಾಕೆಟ್. ಒಂದೊಂದಕ್ಕೂ ಸಿಗುವ ಸಮಯ 67 ನ್ಯಾನೋಸೆಕೆಂಡ್. 3 ಗಿಗಾಹರ್ಟ್ಸ್‌ನ ಪ್ರೊಸೆಸರ್‌ಗೆ ಅದು 200 ಸೈಕಲ್ ಅಷ್ಟೇ. ಪ್ರೊಸೆಸರ್ ಕ್ಯಾಶ್ ಎಂಬ ತನ್ನೊಳಗಿನ ಪುಟ್ಟ ಮೆಮೊರಿಯಲ್ಲಿ ಸಿಗದ ಒಂದು ವಿಷಯಕ್ಕಾಗಿ ಒಂದೇ ಒಂದು ಸಲ ಹೊರಗಿನ ಮುಖ್ಯ ಮೆಮೊರಿಗೆ ಹೋಗಿ ಬಂದರೂ ಹೆಚ್ಚುಕಡಿಮೆ ಅಷ್ಟೇ ಸಮಯ ಮುಗಿದುಹೋಗುತ್ತದೆ. ಹಳೆಯ ಕಾರ್ಡ್‌ನ ಚಿಪ್ ಈ ಕೆಲಸಕ್ಕೆಂದೇ ಹುಟ್ಟಿದ್ದು. ಸಾಮಾನ್ಯ ಸರ್ವರ್ ಹಾಗಲ್ಲ. ಪ್ರತಿ ಪ್ಯಾಕೆಟ್‌ಗೂ ನೆಟ್‌ವರ್ಕ್ ಕಾರ್ಡ್ ಹೋಗಿ ಪ್ರೊಸೆಸರ್ ಅನ್ನು ಎಬ್ಬಿಸಿ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನೆಲ್ ಅದನ್ನು ನೋಡಿ, ಆಮೇಲೆ ವರ್ಚುವಲ್ ಮಷೀನ್‌ಗೆ, ಅಂದರೆ ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದಲೇ ಮಾಡಿದ ಕಂಪ್ಯೂಟರ್‌ಗೆ, ದಾಟಿಸುವ ಮಾಮೂಲಿ ದಾರಿಯಲ್ಲಿ ಹೋದರೆ ಈ ವೇಗ ಸಾಧ್ಯವೇ ಇಲ್ಲ.

ಹಾಗಾಗಿ ಡಿಪಿಡಿಕೆ ಬೇಕು. ಇಂಟೆಲ್‌ನಲ್ಲಿ ಹುಟ್ಟಿ ಆಮೇಲೆ ಎಲ್ಲರದ್ದಾದ ಈ ಸಾಫ್ಟ್‌ವೇರ್ ಕರ್ನೆಲ್ ಅನ್ನು ಪೂರ್ತಿ ಪಕ್ಕಕ್ಕಿಡುತ್ತದೆ. ಬಾಗಿಲು ಬಡಿಯಲಿ ಎಂದು ಒಳಗೆ ಕೂತು ಕಾಯುವ ಬದಲು ಬಾಗಿಲಲ್ಲೇ ನಿಂತಿರುವ ಹಾಗೆ, ಪ್ರೊಸೆಸರ್ ಒಳಗಿನ ಕೆಲವು ಕೋರ್‌ಗಳು (ಇದು ಪ್ಯಾಕೆಟ್ ಕೋರ್ ಅಲ್ಲ, ಲೆಕ್ಕ ಮಾಡುವ ಘಟಕ) ಬೇರೇನೂ ಮಾಡದೆ ನೆಟ್‌ವರ್ಕ್ ಕಾರ್ಡ್ ಅನ್ನೇ ನೋಡುತ್ತಿರುತ್ತವೆ. ಟ್ರಾಫಿಕ್ ಇರಲಿ, ಇಲ್ಲದಿರಲಿ, ಆ ಕೋರ್‌ಗಳು ಸದಾ 100 ಪರ್ಸೆಂಟ್ ಬಿಜಿ. ಮೊದಲ ವಾರ ಮಾನಿಟರಿಂಗ್ ತಂಡದವರು ಇದನ್ನು ನೋಡಿ ಸರ್ವರ್ ಕೈಕೊಟ್ಟಿದೆ ಎಂದು ಟಿಕೆಟ್ ಮೇಲೆ ಟಿಕೆಟ್ ಎತ್ತಿದರು. ಅವರದ್ದೇನೂ ತಪ್ಪಿಲ್ಲ. ಬೇರೆ ಯಾವ ಸರ್ವರ್‌ನಲ್ಲಾದರೂ ಅದು ತೊಂದರೆಯೇ. ಇದರ ಜೊತೆಗೆ ಒಂದೊಂದು ವರ್ಚುವಲ್ ಮಷೀನ್‌ಗೂ ಇಂತಿಂಥ ಕೋರ್ ಎಂದು ಕಟ್ಟಿಹಾಕಬೇಕು. ಮೆಮೊರಿಯನ್ನು 4 ಕಿಲೋಬೈಟ್‌ನ ಚೂರುಗಳ ಬದಲು 1 ಗಿಗಾಬೈಟ್‌ನ ದೊಡ್ಡ ತುಂಡುಗಳಲ್ಲಿ ಮೊದಲೇ ತೆಗೆದಿಡಬೇಕು. ಇಷ್ಟೆಲ್ಲ ಕಟ್ಟಿಹಾಕಿದ ಮೇಲೆ ಕ್ಲೌಡ್ ಅಂದಾಗ ಮನಸ್ಸಿಗೆ ಬರುವ ಸಲೀಸುತನ, ಯಾವ ಮಷೀನ್ ಎಲ್ಲಿ ಬೇಕಾದರೂ ಓಡಬಹುದು ಎಂಬ ಮಾತು, ಬಹಳಷ್ಟು ಕಡಿಮೆಯಾಗುತ್ತದೆ. ಇದನ್ನು ಮೊದಲೇ ಯಾರಾದರೂ ಬಿಡಿಸಿ ಹೇಳಬೇಕು.

ಸರಿ, ತೊಂದರೆಗೆ ಬರೋಣ. ಒಂದು ಹಂತದವರೆಗೆ ಟ್ರಾಫಿಕ್ ಏರಿಸಿದರೆ ಎಲ್ಲ ಸುಸೂತ್ರ. ಅದಕ್ಕಿಂತ ಜಾಸ್ತಿ ಮಾಡಿದರೆ ಸ್ವಲ್ಪ ಸ್ವಲ್ಪ ಪ್ಯಾಕೆಟ್ ಮಾಯ. ಅದೂ ಎಲ್ಲ ಸರ್ವರ್‌ನಲ್ಲಿ ಅಲ್ಲ, ಒಂದರಲ್ಲಿ ಮಾತ್ರ. ಅದರ ಸಾಫ್ಟ್‌ವೇರ್, ಸೆಟ್ಟಿಂಗ್ ಎಲ್ಲ ಪಕ್ಕದ ಸರ್ವರ್‌ನಲ್ಲಿ ಇದ್ದದ್ದೇ. ಕಾನ್ಫರೆನ್ಸ್ ಕಾಲ್‌ನಲ್ಲಿ ಎಲ್ಲರೂ ಸೇರಿದರು. ಸರ್ವರ್‌ನವರು ಹಾರ್ಡ್‌ವೇರ್ ಟೆಸ್ಟ್ ಓಡಿಸಿ ಎಲ್ಲ ಹಸಿರು ಎಂದರು. ಕ್ಲೌಡ್‌ನವರು ತಮ್ಮ ಲಾಗ್ ತೋರಿಸಿದರು. ಸಾಫ್ಟ್‌ವೇರ್ ಕಂಪನಿಯ ಹುಡುಗ ಮಾತ್ರ ಪಟ್ಟು ಬಿಡಲಿಲ್ಲ. "ಸರ್, ನಮ್ಮ ಒಳಗೆ ಒಂದೂ ಡ್ರಾಪ್ ಇಲ್ಲ. ಆ ಪ್ಯಾಕೆಟ್ ನಮ್ಮ ತನಕ ಬರ್ತಾನೇ ಇಲ್ಲ." ಎಲ್ಲರೂ ಹೇಳಿದ್ದು ನಿಜವೇ ಆಗಿತ್ತು. ಅದೇ ಕಷ್ಟ.

ನಮ್ಮ ತಂಡದ ಹಿರಿಯರೊಬ್ಬರು ಅಲ್ಲಿಯವರೆಗೆ ಸುಮ್ನೆ ಕೇಳುತ್ತಿದ್ದರು. "ಕಾರ್ಡ್ ಯಾವ ಸಾಕೆಟ್ ಕಡೆಗಿದೆ ಅಂತ ಒಮ್ಮೆ ನೋಡೋಣ್ವಾ?" ಅಂದರು. ಆ ಸರ್ವರ್‌ಗಳಲ್ಲಿ ಎರಡೆರಡು ಪ್ರೊಸೆಸರ್, ಒಂದೊಂದೂ ಕೂರುವ ಜಾಗವೇ ಸಾಕೆಟ್. ಒಂದೊಂದಕ್ಕೂ ತನ್ನದೇ ಮೆಮೊರಿ, ತನ್ನದೇ ಸ್ಲಾಟ್‌ಗಳು. ನೆಟ್‌ವರ್ಕ್ ಕಾರ್ಡ್ ಯಾವ ಕಡೆಗೆ ಸೇರಿದೆ ಎಂದು ಲಿನಕ್ಸ್‌ನಲ್ಲಿ ಒಂದು ಚಿಕ್ಕ ಫೈಲ್ ತೆರೆದರೆ ಗೊತ್ತಾಗುತ್ತದೆ. ಅದರಲ್ಲಿ ಇರುವುದು ಒಂದೇ ಅಂಕಿ. ಉಳಿದ ಎಲ್ಲ ಸರ್ವರ್‌ನಲ್ಲಿ 0 ಬಂತು. ಇದರಲ್ಲಿ 1. ಸಾಗಣೆಯಲ್ಲಿ ಪೆಟ್ಟಾಗಿ ಬದಲಿಗೆ ಬಂದ ಸರ್ವರ್ ಅದು. ಅದರಲ್ಲಿ ಕಾರ್ಡ್ ಬೇರೆ ಸ್ಲಾಟ್‌ನಲ್ಲಿತ್ತು. ನಮ್ಮ ವರ್ಚುವಲ್ ಮಷೀನ್ ಓಡುತ್ತಿದ್ದದ್ದು 0ನೇ ಪ್ರೊಸೆಸರ್ ಮೇಲೆ, ಪ್ಯಾಕೆಟ್ ಬರುತ್ತಿದ್ದದ್ದು 1ನೆಯದರ ಕಡೆಯಿಂದ. ಪ್ರತಿ ಪ್ಯಾಕೆಟ್ ಎರಡು ಪ್ರೊಸೆಸರ್‌ಗಳ ನಡುವಿನ ಕೊಂಡಿ ದಾಟಿ ಬರಬೇಕಿತ್ತು. ಇದ್ದ 67 ನ್ಯಾನೋಸೆಕೆಂಡ್‌ನಲ್ಲಿ ಅದಕ್ಕೆ ಜಾಗ ಎಲ್ಲಿ? ಕಾರ್ಡ್ ಕಿತ್ತು ಸರಿಯಾದ ಸ್ಲಾಟ್‌ಗೆ ಹಾಕಿದೆವು. ಡ್ರಾಪ್ ನಿಂತಿತು.

ಆ ಹಿರಿಯರು ಕರೆ ಜೋಡಿಸುವ ಸಿಗ್ನಲಿಂಗ್‌ನ ಹಳೆಯ ಕಾಲದಿಂದ ಬಂದವರು, ಕ್ಲೌಡ್ ಕಲಿತದ್ದು ಈಚೆಗೆ. ಆದರೆ ಎಲ್ಲೋ ಎರಡು ಪದರ ಸೇರುವ ಜಾಗದಲ್ಲೇ ನೋಡಬೇಕು ಎಂಬುದು ಅವರಿಗೆ ಹೊಳೆಯಿತು. ಹಳೆಯ ಚಾಸಿಯಲ್ಲಿ ಇಂಥ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಯಾವ ಕಾರ್ಡ್ ಯಾವ ಸ್ಲಾಟ್‌ಗೆ ಎಂದು ತಯಾರಕರು ತಮ್ಮ ಕಾರ್ಖಾನೆಯಲ್ಲೇ ತೀರ್ಮಾನಿಸಿ, ಪರೀಕ್ಷೆ ಮಾಡಿ ಕಳಿಸುತ್ತಿದ್ದರು. ಆ ಕೆಲಸ ಕಣ್ಣಿಗೆ ಕಾಣುತ್ತಿರಲಿಲ್ಲ, ಅದಕ್ಕೇ ಅದಕ್ಕೊಂದು ಬೆಲೆಯಿದೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಈಗ ಅದು ನಮ್ಮ ಕೆಲಸ. ಅಂದಿನಿಂದ ಯಾವ ಸರ್ವರ್ ಬಂದರೂ ಆ ಅಂಕಿ ನೋಡುವ ಒಂದು ಸ್ಕ್ರಿಪ್ಟ್ ಓಡಿಸಿಯೇ ಒಳಗೆ ಬಿಡುತ್ತೇವೆ.

ಇನ್ನೊಂದು ವಿಷಯ ನನಗೆ ತುಂಬಾ ಕಾಡಿತು. ನಮಗೆ ಸಿಕ್ಕ ಮೊದಲ ಸಾಫ್ಟ್‌ವೇರ್ ನಿಜಕ್ಕೂ ಕ್ಲೌಡ್‌ಗಾಗಿ ಬರೆದದ್ದಲ್ಲ. ಹಳೆಯ ಕಾರ್ಡ್‌ನಲ್ಲಿದ್ದ ಕೋಡ್ ಅನ್ನೇ ಎತ್ತಿ ವರ್ಚುವಲ್ ಮಷೀನ್‌ನಲ್ಲಿ ಇಟ್ಟಿದ್ದರು. ಸ್ಥಿತಿ ನೋಡುವ ಕಮಾಂಡ್ ಕೊಟ್ಟರೆ ಪರದೆ ಮೇಲೆ "ಸ್ಲಾಟ್ 1, ಸ್ಲಾಟ್ 2" ಎಂದೇ ಬರುತ್ತಿತ್ತು. ಸ್ಲಾಟ್ ಎಂಬುದೇ ಇಲ್ಲದ ಕಡೆ! ಎರಡು ಮಷೀನ್ ಕಂಟ್ರೋಲ್ ಕಾರ್ಡ್‌ಗಳ ಪಾತ್ರ ಮಾಡುತ್ತಿದ್ದವು, ಉಳಿದವು ಪ್ಯಾಕೆಟ್ ಕಾರ್ಡ್‌ಗಳ ಪಾತ್ರ. ಕ್ಲೌಡ್ ಪದರಕ್ಕೆ ಇದು ತಿಳಿಯದು. ಎರಡೂ ಕಂಟ್ರೋಲ್ ಮಷೀನ್‌ಗಳನ್ನು ಒಂದೇ ಸರ್ವರ್ ಮೇಲೆ ಇಡಲು ಅದಕ್ಕೇನೂ ಅಡ್ಡಿಯಿಲ್ಲ. ಹಾಗಿಟ್ಟರೆ ಆ ಸರ್ವರ್ ಸತ್ತಾಗ ಎರಡೂ ಸಾಯುತ್ತವೆ. ಅವೆರಡನ್ನು ಬೇರೆ ಬೇರೆ ಸರ್ವರ್‌ನಲ್ಲೇ ಇಡಬೇಕು ಎಂಬ ನಿಯಮವನ್ನು ನಾವೇ ಬರೆದು ಕೊಡಬೇಕಾಯಿತು. ಟೆಲಿಕಾಂನಲ್ಲಿ 99.999 ಪರ್ಸೆಂಟ್ ಲಭ್ಯತೆ ಅನ್ನುತ್ತಾರೆ, ಅಂದರೆ ವರ್ಷಕ್ಕೆ ಐದೂಕಾಲು ನಿಮಿಷ ಮಾತ್ರ ನಿಲ್ಲಬಹುದು. ಸಾಮಾನ್ಯ ಸರ್ವರ್ ಒಂದಕ್ಕೆ ಇದು ಆಗದ ಮಾತು. ಹಾರ್ಡ್‌ವೇರ್ ಕೆಟ್ಟೇ ಕೆಡುತ್ತದೆ ಎಂದುಕೊಂಡು ಸಾಫ್ಟ್‌ವೇರ್ ತಾನೇ ಎದ್ದು ನಿಲ್ಲಬೇಕು. ಲ್ಯಾಬ್‌ನಲ್ಲಿ ಟ್ರಾಫಿಕ್ ಹರಿಯುತ್ತಿದ್ದಾಗಲೇ ಸರ್ವರ್‌ನ ಎರಡೂ ಪವರ್ ಕೇಬಲ್ ಎಳೆದು ನೋಡಿದೆವು, ಮತ್ತೆ ಮತ್ತೆ, ಬೇರೆ ಬೇರೆ ಸರ್ವರ್‌ನಲ್ಲಿ. ಪಕ್ಕದ ಮಷೀನ್ ಎಲ್ಲ ಸೆಷನ್, ಅಂದರೆ ಗ್ರಾಹಕರ ನಡೆಯುತ್ತಿರುವ ಸಂಪರ್ಕ, ಹಿಡಿದುಕೊಂಡಿತು ಎಂದು ಖಾತ್ರಿಯಾಗುವವರೆಗೆ ಲೈವ್ ಮಾತೇ ಎತ್ತಲಿಲ್ಲ.

ಲೈವ್‌ಗೆ ಹೋಗುವಾಗ ಹಳೆಯ ಚಾಸಿಯ ಸ್ವಿಚ್ ಆಫ್ ಮಾಡಿ ಹೊಸದನ್ನು ಆನ್ ಮಾಡುವ ಹಾಗಿಲ್ಲ. ಹಾಗೆ ಮಾಡಿದರೆ ಲಕ್ಷಗಟ್ಟಲೆ ಫೋನ್‌ಗಳು ಒಟ್ಟಿಗೇ ಮತ್ತೆ ನೋಂದಾಯಿಸಲು ಬರುತ್ತವೆ. ಎಚ್‌ಎಸ್‌ಎಸ್ ಮೇಲೆ ಒಮ್ಮೆಲೇ ಹೊರೆ ಬಿದ್ದು ಅದೂ ಕುಸಿಯಬಹುದು. ಇದಕ್ಕೆ 4ಜಿಯಲ್ಲೇ ಒಂದು ಒಳ್ಳೆಯ ಉಪಾಯ ಇದೆ. ಪ್ರತಿ ಎಂಎಂಇ ತನ್ನ ಸಾಮರ್ಥ್ಯ ಇಷ್ಟು ಎಂದು ಒಂದು ಸಂಖ್ಯೆಯನ್ನು ಟವರ್‌ಗಳಿಗೆ ಹೇಳುತ್ತದೆ. ಟವರ್‌ಗಳು ಹೊಸ ಫೋನ್‌ಗಳನ್ನು ಆ ಅನುಪಾತದಲ್ಲಿ ಹಂಚುತ್ತವೆ. ಹೊಸ ಎಂಎಂಇಯನ್ನು ಹಳೆಯದರ ಪಕ್ಕದಲ್ಲಿ ಪೂಲ್ ಎಂಬ ಒಂದೇ ಗುಂಪಿಗೆ ಸೇರಿಸಿ, ಅದಕ್ಕೆ ಮೊದಲು ತೀರಾ ಚಿಕ್ಕ ಸಂಖ್ಯೆ ಕೊಟ್ಟೆವು. ಅಲಾರಂ ನೋಡಿದೆವು, ಕರೆಗಳ ಅಂಕಿಅಂಶ ನೋಡಿದೆವು, ಸ್ವಲ್ಪ ಏರಿಸಿದೆವು. ಕೊನೆಗೊಂದು ರಾತ್ರಿ ಹಳೆಯದರ ಸಂಖ್ಯೆಯನ್ನು 0 ಮಾಡಿದೆವು. ಅಲ್ಲಿಂದ ಹಳೆಯದಕ್ಕೆ ಹೊಸಬರು ಯಾರೂ ಬರುವುದಿಲ್ಲ. ಇದ್ದವರು ಒಬ್ಬೊಬ್ಬರಾಗಿ ಹೋಗುತ್ತಾರೆ.

ಎಲ್ಲರೂ ಹೋಗಲಿಲ್ಲ. ಫೋನ್‌ಗಳೇನೋ ಬೇಗ ಖಾಲಿಯಾದವು. ಉಳಿದದ್ದು ಮೀಟರ್‌ಗಳು ಮತ್ತು ಸೆನ್ಸರ್‌ಗಳು. ಬ್ಯಾಟರಿ ಉಳಿಸಲು ದಿನಗಟ್ಟಲೆ ಮಲಗುವ ಸಾಧನಗಳು ಅವು, ಎದ್ದಾಗ ಮಾತ್ರ ನೆಟ್‌ವರ್ಕ್ ಹತ್ತಿರ ಮಾತಾಡುತ್ತವೆ. ಅವು ಏಳುವವರೆಗೆ ಹಳೆಯ ಎಂಎಂಇ ಆರಿಸುವಂತಿಲ್ಲ. ಗೇಟ್‌ವೇಯಲ್ಲಿ ಇನ್ನೊಂದು ಕಷ್ಟ. ಐಪಿ ವಿಳಾಸ ಕೊಟ್ಟ ಗೇಟ್‌ವೇಗೇ ಆ ಸೆಷನ್ ಅಂಟಿಕೊಂಡಿರುತ್ತದೆ, ಫೋನ್ ಎಲ್ಲಿಗೆ ಹೋದರೂ ಅದು ಬದಲಾಗದು. ಕೊನೆಗೆ ಉಳಿದವನ್ನು "ಬಿಟ್ಟು ಮತ್ತೆ ಸೇರು" ಎಂಬ ಸೂಚನೆ ಕೊಟ್ಟು, ಟ್ರಾಫಿಕ್ ಕಡಿಮೆ ಇರುವ ಹೊತ್ತಿನಲ್ಲಿ, ಸಣ್ಣ ಸಣ್ಣ ಗುಂಪಾಗಿ ಆಚೆ ಕಳಿಸಿದೆವು. ಚಾಸಿಯ ಕರೆಂಟ್ ತೆಗೆದದ್ದು ಅಂದುಕೊಂಡದ್ದಕ್ಕಿಂತ ವಾರಗಟ್ಟಲೆ ತಡವಾಗಿ.

ಇಷ್ಟು ಮುಗಿಯುವಷ್ಟರಲ್ಲಿ ಉದ್ಯಮ ಮತ್ತೊಂದು ಹೆಜ್ಜೆ ಮುಂದೆ ಹೋಗಿತ್ತು. ಮೊಬೈಲ್ ಮಾನದಂಡಗಳನ್ನು ಬರೆಯುವ 3ಜಿಪಿಪಿಯ ರಿಲೀಸ್ 15ರಲ್ಲಿ ಬಂದ 5ಜಿ ಕೋರ್‌ನ ರಚನೆಯೇ ಬೇರೆ. ಘಟಕಗಳು ಎಚ್‌ಟಿಟಿಪಿ/2 ಮೂಲಕ ವೆಬ್ ಸೇವೆಗಳ ಹಾಗೆ ಮಾತಾಡುತ್ತವೆ. ವರ್ಚುವಲ್ ಮಷೀನ್ ಬದಲು ಅದಕ್ಕಿಂತ ಹಗುರವಾದ ಕಂಟೇನರ್, ಓಪನ್‌ಸ್ಟಾಕ್ ಬದಲು ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟಿಸ್. ಈಗಿನ ಸಾಫ್ಟ್‌ವೇರ್ ನಿಜಕ್ಕೂ ಚೆನ್ನಾಗಿದೆ. ಸೆಷನ್‌ಗಳ ಮಾಹಿತಿ ಬೇರೆ ಡೇಟಾಬೇಸ್‌ನಲ್ಲಿರುತ್ತದೆ, ಕೆಲಸ ಮಾಡುವ ಪಾಡ್ (ಕಂಟೇನರ್‌ಗಳ ಚಿಕ್ಕ ಘಟಕ) ಸತ್ತರೆ ಇನ್ನೊಂದು ಹುಟ್ಟಿ ಅದೇ ಜಾಗದಿಂದ ಮುಂದುವರಿಸುತ್ತದೆ. ಸ್ಲಾಟ್ ಮಾತು ಹೋಯಿತು. ಆದರೆ ಬದಲಾವಣೆಯ ವೇಗದ ಪ್ರಶ್ನೆ ಬಂತು. ಕುಬರ್ನೆಟಿಸ್‌ನ ಹೊಸ ಆವೃತ್ತಿ ವರ್ಷಕ್ಕೆ ಮೂರು ಬರುತ್ತವೆ, ಒಂದೊಂದಕ್ಕೂ ಬೆಂಬಲ ಸುಮಾರು 14 ತಿಂಗಳು. ಹತ್ತು ವರ್ಷ ಅಲುಗಾಡದೆ ನಿಲ್ಲುವ ಬಾಕ್ಸ್‌ಗೆ ಒಗ್ಗಿದ್ದ ಸಂಸ್ಥೆ, ಕೆಳಗಿನ ಪದರವನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಲೇಬೇಕು. ಪ್ರತಿ ಸಲವೂ ಮೇಲಿನ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ಕೈಯಲ್ಲಿ ಮಾಡಿದರೆ ಮುಗಿಯದ ಕೆಲಸ. ನಮ್ಮಲ್ಲಿ ಟೆಸ್ಟ್‌ಗಳನ್ನು ಕೋಡ್ ಆಗಿ ಬರೆಯುವ ಒಂದು ತಂಡವೇ ಹುಟ್ಟಿಕೊಂಡಿತು, ಈಗ ಅದು ಆಪರೇಶನ್ಸ್ ತಂಡಕ್ಕಿಂತ ದೊಡ್ಡದು.

ಹೊರಗೂ ಇದೇ ಕಥೆ. ಜಪಾನ್‌ನ ರಾಕುಟೆನ್ 2020ರ ಏಪ್ರಿಲ್‌ನಲ್ಲಿ ಪೂರ್ತಿ ವರ್ಚುವಲ್ ಆದ ಮೊಬೈಲ್ ನೆಟ್‌ವರ್ಕ್ ಶುರು ಮಾಡಿತು. ಅದೇ ವರ್ಷ ಮೈಕ್ರೋಸಾಫ್ಟ್ ಕಂಪನಿ ಅಫರ್ಮ್ಡ್, ಮೆಟಾಸ್ವಿಚ್ ಎಂಬ ಎರಡು ಟೆಲಿಕಾಂ ಸಾಫ್ಟ್‌ವೇರ್ ಕಂಪನಿಗಳನ್ನು ಕೊಂಡಿತು. 2021ರಲ್ಲಿ ಎಟಿ ಅಂಡ್ ಟಿ ತಾನೇ ಕಟ್ಟಿದ ನೆಟ್‌ವರ್ಕ್ ಕ್ಲೌಡ್ ತಂತ್ರಜ್ಞಾನವನ್ನು ಅದೇ ಮೈಕ್ರೋಸಾಫ್ಟ್‌ಗೆ ಒಪ್ಪಿಸಿತು. ಅಮೆರಿಕದ ಡಿಶ್ ತನ್ನ 5ಜಿಯನ್ನು ಅಮೆಜಾನ್‌ನ ಕ್ಲೌಡ್ ಮೇಲೆ ಓಡಿಸುವುದಾಗಿ ಹೇಳಿತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್, ವರ್ಚುವಲ್ ಮಷೀನ್ ಓಡಿಸುವ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಅನ್ನು ಕೊಂಡು, ಒಂದೇ ಸಲ ಕೊಳ್ಳುವ ಲೈಸೆನ್ಸ್ ನಿಲ್ಲಿಸಿ ಎಲ್ಲವನ್ನೂ ಚಂದಾಗೆ ಬದಲಿಸಿದಾಗ, ಅದರ ಮೇಲೆ ಕೋರ್ ಓಡಿಸುತ್ತಿದ್ದ ಆಪರೇಟರ್‌ಗಳು ಲೆಕ್ಕ ಹೊಸದಾಗಿ ಹಾಕಬೇಕಾಯಿತು. ಬಾಕ್ಸ್ ತಯಾರಕರ ಹಿಡಿತದಿಂದ ಬಿಡಿಸಿಕೊಂಡವರು ಇನ್ನೊಂದು ಪದರದವರ ಹಿಡಿತಕ್ಕೆ ಸಿಗುವುದು ಎಷ್ಟು ಸುಲಭ ನೋಡಿ.

ಟವರ್ ಕಡೆಯ ರೇಡಿಯೋ ಭಾಗದ (ಇದನ್ನೇ ರ್ಯಾನ್ ಅನ್ನುತ್ತಾರೆ) ಕಥೆ ಇನ್ನೂ ಬಿಗಿ. ಅದನ್ನು ಬಿಡಿಸಲು 2018ರಲ್ಲಿ ಓ-ರ್ಯಾನ್ ಅಲಯನ್ಸ್ ಹುಟ್ಟಿತು. ಬೇಸ್ ಸ್ಟೇಷನ್‌ನ ಭಾಗಗಳನ್ನು ಬೇರೆ ಬೇರೆ ಕಂಪನಿಗಳಿಂದ ಕೊಳ್ಳುವಂತಾಗಲಿ ಎಂಬುದು ಆಸೆ. ಆದರೆ 2023ರ ಡಿಸೆಂಬರ್‌ನಲ್ಲಿ ಎಟಿ ಅಂಡ್ ಟಿ ತನ್ನ ಓಪನ್ ರ್ಯಾನ್ ಯೋಜನೆಯ ಸಿಂಹಪಾಲನ್ನು ಎರಿಕ್ಸನ್ ಒಂದಕ್ಕೇ ಕೊಟ್ಟಿತು, ಐದು ವರ್ಷಕ್ಕೆ ಸುಮಾರು 14 ಬಿಲಿಯನ್ ಡಾಲರ್. ಇದನ್ನು ಹಲವರು ಓಪನ್ ರ್ಯಾನ್‌ನ ಸೋಲು ಎಂದು ಬಗೆದರು. ನನಗೆ ಹಾಗನ್ನಿಸುವುದಿಲ್ಲ. ಇಂಟರ್‌ಫೇಸ್ ತೆರೆದಿರಲಿ, ಆದರೆ ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಒಬ್ಬರೇ ಇರಲಿ ಎಂಬ ಆಸೆ ಅದರಲ್ಲಿ ನನಗೆ ಕಾಣುತ್ತದೆ. ಆ ಕೋಷ್ಟಕದ ಖಾಲಿ ಚೌಕ ನೋಡಿದವರಿಗೆ ಅದು ಅರ್ಥವಾಗುತ್ತದೆ.

ಈಗ ನಾವು ಮುಂದಿನ ಟೆಂಡರ್ ಬರೆಯುತ್ತಿದ್ದೇವೆ. ಪದರಗಳನ್ನು ಬೇರೆ ಬೇರೆಯಾಗಿಯೇ ಕೊಳ್ಳುತ್ತೇವೆ, ಅದರಲ್ಲಿ ಬದಲಾವಣೆ ಇಲ್ಲ. ಹೊಸದಾಗಿ ಸೇರಿಸಿದ್ದು ಎರಡು ಷರತ್ತು. ಪ್ರತಿ ಕಂಪನಿಯೂ ತನ್ನ ಹೊಸ ಆವೃತ್ತಿಯನ್ನು ಮೊದಲು ನಮ್ಮ ಲ್ಯಾಬ್‌ನ ಆಟೊಮ್ಯಾಟಿಕ್ ಟೆಸ್ಟ್‌ಗಳಲ್ಲಿ ಪಾಸ್ ಮಾಡಿಸಬೇಕು, ಲೈವ್‌ಗೆ ಹೋಗುವುದು ಆಮೇಲೆ. ಎರಡನೆಯದು, ಕಾರಣ ಗೊತ್ತಾಗದ ತೊಂದರೆ ಬಂದಾಗ ಎಲ್ಲ ಕಂಪನಿಯ ಎಂಜಿನಿಯರ್‌ಗಳೂ ಒಂದೇ ಕಾಲ್‌ಗೆ ಬರಬೇಕು, ಕಾರಣ ಸಿಗುವವರೆಗೆ ಯಾರೂ ಇಳಿಯುವಂತಿಲ್ಲ, ಗಡಿಯಾರ ಎಲ್ಲರಿಗೂ ಒಟ್ಟಿಗೇ ಓಡುತ್ತದೆ. ಕಾನೂನು ವಿಭಾಗದವರು ಎರಡನೆಯ ಷರತ್ತಿಗೆ ಯಾರೂ ಒಪ್ಪುವುದಿಲ್ಲ ಎನ್ನುತ್ತಿದ್ದಾರೆ. ಎರಡು ಕಂಪನಿಗಳು ಈಗಾಗಲೇ ಒಪ್ಪಿವೆ. ಉಳಿದವರ ಜೊತೆ ಮಾತು ನಡೆಯುತ್ತಿದೆ.